ಕೋಮಾದಿಂದ ಎದ್ದು ಮನೆಗೆ ಬಂದ ತಮ್ಮನನ್ನು ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ನನ್ನ ತಮ್ಮನಿಗೆ 23 ವರ್ಷ. ಐಟಿಐ ಮುಗಿಸಿ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ. ಐದು ತಿಂಗಳ ಹಿಂದೆ ರಾತ್ರಿ ಬೈಕಿನಲ್ಲಿ ಬರುವಾಗ, ಲೈಟ್ ಇಲ್ಲದೆ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರಿಗೆ ಗುದ್ದಿದ. ಹೆಲ್ಮೆಟ್ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ತಲೆಯ ಎಡಭಾಗದ ಮೂಳೆ ತೆಗೆದಿದ್ದಾರೆ. ಮೂರು ವಾರ ಕೋಮಾದಲ್ಲಿದ್ದ. ರಾಣೆಬೆನ್ನೂರು ಹತ್ತಿರದ ನಮ್ಮೂರಿಗೆ ಕರೆತಂದು ಎರಡು ತಿಂಗಳಾಯಿತು. ಹಿಡಿದುಕೊಂಡರೆ ನಡೆಯುತ್ತಾನೆ. ಬಲಗೈ ಸ್ವಾಧೀನ ಕಡಿಮೆ. ನೀರು ಕುಡಿದರೆ ಕೆಮ್ಮುತ್ತಾನೆ. ಹೇಳದಿದ್ದರೆ ಇಡೀ ದಿನ ಕೂತೇ ಇರುತ್ತಾನೆ. ಕೇಳಿದ್ದನ್ನೇ ಕೇಳುತ್ತಾನೆ. ಸಿಟ್ಟು ಬಂದರೆ ಅವ್ವನಿಗೆ ಬೈಯುತ್ತಾನೆ, ಒಮ್ಮೆ ತಟ್ಟೆ ಎಸೆದ. ಅಪ್ಪನ ಬೈಕಿನ ಕೀಲಿ ಕೊಡು ಅಂತ ಹಠ. ಫಿಟ್ಸ್ ಮಾತ್ರೆ ಕೊಡುತ್ತಿದ್ದೇವೆ. 'ಬೇಕಂತಲೇ ಮಾಡ್ತಾನೆ' ಅಂತ ನೆಂಟರು ಹೇಳುತ್ತಾರೆ. ಅವನು ಮೊದಲಿನಂತೆ ಆಗುತ್ತಾನಾ? ಮನೆಯಲ್ಲಿ ನಾವು ಏನು ಮಾಡಬೇಕು?

ಉತ್ತರ: ಮೊದಲು ನೆಂಟರ ಮಾತಿಗೆ ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಆ ಮಾತು ನಿಮ್ಮ ಮನೆಯಲ್ಲಿ ದಿನಾ ನೋವು ಕೊಡುತ್ತಿದೆ. ನಿಮ್ಮ ತಮ್ಮ ಬೇಕಂತಲೇ ಏನನ್ನೂ ಮಾಡುತ್ತಿಲ್ಲ. ನೀವು ಬರೆದಿರುವ ಪ್ರತಿಯೊಂದೂ ಮಿದುಳಿನ ಗಾಯದ ಲಕ್ಷಣ.

ತಲೆ ಜೋರಾಗಿ ಗುದ್ದಿದಾಗ ಬುರುಡೆಯೊಳಗೆ ಮಿದುಳು ಅಲುಗಾಡಿ ತಿರುಚಿಕೊಳ್ಳುತ್ತದೆ. ಒಂದು ಭಾಗವನ್ನು ಇನ್ನೊಂದಕ್ಕೆ ಸೇರಿಸುವ ಸಣ್ಣ ಸಣ್ಣ ನರತಂತುಗಳು ಅಲ್ಲಲ್ಲಿ ಹರಿಯುತ್ತವೆ. ಹಣೆಯ ಹಿಂದಿನ ಭಾಗಕ್ಕೂ ಕಿವಿಯ ಪಕ್ಕದ ಭಾಗಕ್ಕೂ ಪೆಟ್ಟು ಜಾಸ್ತಿ, ಏಕೆಂದರೆ ಅಲ್ಲಿ ಬುರುಡೆಯ ಒಳಮೈ ಒರಟಾಗಿದೆ. ಕೆಲಸ ಶುರು ಮಾಡುವುದು, ಸಿಟ್ಟು ತಡೆಯುವುದು, ಬಾಯಿಗೆ ಬಂದ ಮಾತನ್ನು ನುಂಗಿಕೊಳ್ಳುವುದು ಹಣೆಯ ಹಿಂದಿನ ಭಾಗದ ಕೆಲಸ. ಹೊಸ ನೆನಪು ಉಳಿಯುವುದು ಕಿವಿಯ ಪಕ್ಕದ ಭಾಗದಿಂದ. ನಿಮ್ಮ ತಮ್ಮನಲ್ಲಿ ಇವೇ ಕೆಟ್ಟಿರುವುದು. ಎಡಗಡೆ ಪೆಟ್ಟಾದ್ದರಿಂದ ಬಲಗೈ ಸೋತಿದೆ. ಮಾತು ಹುಡುಕಲು ತಡವರಿಸುತ್ತಿದ್ದರೆ ಅದಕ್ಕೂ ಇದೇ ಕಾರಣ.

ಮೊದಲಿನಂತೆ ಆಗುತ್ತಾನಾ? ಮೂರು ವಾರದ ಕೋಮಾ ಎಂದರೆ ಗಾಯ ತೀವ್ರವಾದದ್ದೇ. ಆಸ್ಪತ್ರೆಯ ಚೀಟಿಯಲ್ಲಿ ಎಚ್ಚರದ ಮಟ್ಟವನ್ನು ಅಳೆಯುವ ಜಿಸಿಎಸ್ ಎಂಬ ಅಂಕ ಇರುತ್ತದೆ, 3ರಿಂದ 15ರವರೆಗೆ. ಮೊದಲ ದಿನ ಅದು 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಗಾಯ ಎನ್ನುತ್ತೇವೆ. ಇಂಥ ಗಾಯದ ನಂತರ ಎಲ್ಲವೂ ಹಳೆಯದರಂತೆಯೇ ಆಗುವುದು ಅಪರೂಪ. ಆದರೆ ಐದನೇ ತಿಂಗಳಲ್ಲಿ 'ಇಷ್ಟೇ' ಎಂದು ಯಾರೂ ಗೆರೆ ಎಳೆಯಲಾಗದು. ಮೊದಲ ಆರು ತಿಂಗಳು ಸುಧಾರಣೆ ವೇಗವಾಗಿರುತ್ತದೆ. ಎರಡು ವರ್ಷದವರೆಗೂ ಕಣ್ಣಿಗೆ ಕಾಣುವಷ್ಟು ಇರುತ್ತದೆ. ಆಮೇಲೂ ನಿಧಾನವಾಗಿ ಮುಂದುವರಿಯುತ್ತದೆ. ಅವನ ವಯಸ್ಸು ಅವನ ಪರವಾಗಿದೆ. ಅವನು ತಾನಾಗಿ ಏನೇನು ಮಾಡಿಕೊಳ್ಳಬಲ್ಲ ಎಂಬುದರಲ್ಲಿ ದೊಡ್ಡ ಪಾಲು ಇನ್ನು ಮುಂದೆ ಮನೆಯಲ್ಲೇ ತೀರ್ಮಾನ ಆಗುತ್ತದೆ. ಅದಕ್ಕೆ ದುಬಾರಿ ಯಂತ್ರ ಬೇಡ. ಅವನ ದಿನವನ್ನು ಸರಿಯಾಗಿ ಜೋಡಿಸಿಕೊಡಬೇಕು. ನನ್ನ ಉತ್ತರದ ತಿರುಳು ಇದೇ.

ಇಡೀ ದಿನ ಕೂತೇ ಇರುತ್ತಾನೆ ಅಂದಿರಿ. ಅವನ ಭಾಷೆಯಲ್ಲೇ ಹೇಳುವುದಾದರೆ ಎಂಜಿನ್ ಇದೆ, ಸೆಲ್ಫ್ ಸ್ಟಾರ್ಟ್ ಕೆಟ್ಟಿದೆ. ಪ್ರತಿ ಸಲ ಹೊರಗಿನಿಂದ ಕಿಕ್ ಬೇಕು. 'ಎದ್ದು ಸ್ನಾನ ಮಾಡೋ' ಎಂದು ಅಡುಗೆಮನೆಯಿಂದ ಕೂಗಿದರೆ ಆ ಕಿಕ್ ಸಿಗುವುದಿಲ್ಲ. ನಮಗೆ ಸ್ನಾನ ಒಂದೇ ಕೆಲಸ. ಅವನಿಗೆ ಅದು ಇಪ್ಪತ್ತು ಕೆಲಸ: ಏಳಬೇಕು, ಟವೆಲ್ ಹುಡುಕಬೇಕು, ಬಚ್ಚಲಿಗೆ ಹೋಗಬೇಕು, ಅಂಗಿ ಬಿಚ್ಚಬೇಕು, ನೀರು ಬೆರೆಸಬೇಕು. ಎರಡನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ.

ಹೀಗೆ ಮಾಡಿ ನೋಡಿ. ದಿನಾ ಒಂದೇ ಹೊತ್ತಿಗೆ ಸ್ನಾನ. ಪ್ಲಾಸ್ಟಿಕ್ ಕುರ್ಚಿ, ಬಕೆಟ್, ತಂಬಿಗೆ, ಸೋಪು ಎಲ್ಲ ಒಂದೇ ಜಾಗದಲ್ಲಿ, ಎಡಗೈಗೆ ಸಿಗುವಂತೆ ಇಡಿ. ಬಿಸಿನೀರನ್ನು ನೀವೇ ಬೆರೆಸಿ. ಎದುರಿಗೆ ಬಂದು, ಮೊಣಕೈ ಮುಟ್ಟಿ, ಒಂದೇ ಮಾತು ಹೇಳಿ: 'ಏಳು.' ಆಮೇಲೆ ಕಾಯಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಗಾಯವಾದ ಮಿದುಳು ಮಾತು ಅರ್ಥ ಮಾಡಿಕೊಳ್ಳಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ನಾವು ಮೂರಕ್ಕೇ ಮತ್ತೆ ಕೂಗಿ ಅವನ ಲೆಕ್ಕ ತಪ್ಪಿಸುತ್ತೇವೆ. ಎದ್ದ ಮೇಲೆ ಮುಂದಿನ ಒಂದು ಮಾತು: 'ಟವೆಲ್ ತಗೋ.'

ತಡವರಿಸಿದರೆ ತಪ್ಪು ಮಾಡುವ ಮೊದಲೇ ಅವನ ಕೈ ಹಿಡಿದು ಸರಿಯಾದದ್ದನ್ನು ಮಾಡಿಸಿ. 'ತಪ್ಪು ಮಾಡಿಯೇ ಕಲಿಯಲಿ ಬಿಡು' ಎನ್ನುತ್ತಾರಲ್ವಾ, ನೆನಪಿನ ಶಕ್ತಿ ಕುಂದಿದವರಿಗೆ ಅದು ಸಲ್ಲದು. ತಪ್ಪು ಮಾಡಿದ್ದು ಅವರಿಗೆ ನೆನಪಿರುವುದಿಲ್ಲ, ತಪ್ಪು ಮಾಡುವ ರೂಢಿ ಮಾತ್ರ ಕೈಯಲ್ಲಿ ಕೂತುಬಿಡುತ್ತದೆ. ಕೆಲವು ದಿನ ಆದ ಮೇಲೆ ಕೊನೆಯ ಹಂತದಿಂದ ಸಹಾಯ ಬಿಡುತ್ತಾ ಬನ್ನಿ. ಅಂಗಿಯ ಎಲ್ಲ ಗುಂಡಿ ನೀವು ಹಾಕಿ, ಕೊನೆಯದನ್ನು ಅವನಿಗೆ ಬಿಡಿ. ಅದು ಬಂದ ಮೇಲೆ ಕೊನೆಯ ಎರಡು. 'ಅಂಗಿ ನಾನೇ ಹಾಕಿಕೊಂಡೆ' ಎಂಬ ಭಾವನೆ ಅವನಿಗೆ ದಿನಾ ಸಿಗುತ್ತದೆ, ಅದೇ ಮರುದಿನದ ಹುರುಪು. ಅಂಗಿ ಹಾಕುವಾಗ ಸೋತ ಬಲಗೈ ಮೊದಲು ತೂರಲಿ. ತೆಗೆಯುವಾಗ ಎಡಗೈ ಮೊದಲು ಬರಲಿ.

ಊಟ, ಹಲ್ಲುಜ್ಜುವುದು, ಹಾಸಿಗೆ ಮಡಿಸುವುದು, ನಾಲ್ಕು ಬೆಳ್ಳುಳ್ಳಿ ಸುಲಿಯುವುದು, ಎಲ್ಲವೂ ಇದೇ ಕ್ರಮದಲ್ಲಿ. ಕೈ ಚೆಂಡು ಒತ್ತುವ ವ್ಯಾಯಾಮ ಬೇಡವೆಂದಲ್ಲ. ಆದರೆ ಎಡಗೈಯಲ್ಲಿ ರೊಟ್ಟಿ ಮುರಿಯುವಾಗ ಬಲಗೈಯಿಂದ ತಟ್ಟೆ ಒತ್ತಿ ಹಿಡಿಯುವುದು ಅದಕ್ಕಿಂತ ಒಳ್ಳೆಯ ವ್ಯಾಯಾಮ, ಏಕೆಂದರೆ ಅದಕ್ಕೊಂದು ಕಾರಣ ಇದೆ. ಗ್ಯಾರೇಜ್ ಹುಡುಗ ಅಲ್ವಾ, ಒಂದು ಡಬ್ಬಿ ನಟ್ಟು ಬೋಲ್ಟು ತಂದು ಅಳತೆ ಪ್ರಕಾರ ಬೇರೆ ಮಾಡಲು ಕೊಡಿ. ಕೈ, ಕಣ್ಣು, ಗಮನ ಮೂರಕ್ಕೂ ಕೆಲಸ. ಮುಂದೆ ಮಾಲೀಕರು ಒಪ್ಪಿದರೆ, ಗದ್ದಲ ಇಲ್ಲದ ಹೊತ್ತಿನಲ್ಲಿ ಅರ್ಧ ಗಂಟೆ ಅಲ್ಲಿಗೇ ಕರೆದುಕೊಂಡು ಹೋಗಿ ಕೂರಿಸಿ. ಸ್ಟ್ಯಾಂಡ್ ಹಾಕಿದ ಗಾಡಿ, ತಿರುಗುವ ಯಂತ್ರಗಳಿಂದ ದೂರ ಇರಲಿ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಫಿನಿಯಸ್ ಗೇಜ್ ಎಂಬ ರೈಲ್ವೆ ಮೇಸ್ತ್ರಿಯ ತಲೆಯೊಳಗೆ ಕಬ್ಬಿಣದ ಸಲಾಕೆ ತೂರಿ ಹೊರಬಂತು. ಅವನಿಗೆ ಆಗ 25 ವರ್ಷ. ಬದುಕಿದ, ಆದರೆ ಸಿಟ್ಟು, ಬೈಗುಳ, ಚಂಚಲತೆ ಬಂತು. 'ಅವನು ಈಗ ಗೇಜ್ ಅಲ್ಲ' ಎಂದು ಗೆಳೆಯರು ಅಂದದ್ದು ಎಲ್ಲ ವೈದ್ಯ ವಿದ್ಯಾರ್ಥಿಗಳಿಗೂ ಗೊತ್ತು. ಆಮೇಲಿನದು ಅಷ್ಟಾಗಿ ಗೊತ್ತಿಲ್ಲ. ಅವನು ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ. ಗೊತ್ತಾದ ಹೊತ್ತಿಗೆ ಏಳುವುದು, ಕುದುರೆ ನೋಡಿಕೊಳ್ಳುವುದು, ಅದೇ ದಾರಿ. ಕಟ್ಟುನಿಟ್ಟಾದ ದಿನಚರಿಯೇ ಅವನನ್ನು ಮತ್ತೆ ನೆಲೆಗೆ ತಂದಿರಬೇಕು ಎಂದು ಅವನ ಬದುಕನ್ನು ಹುಡುಕಿ ತೆಗೆದವರು ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತದೆ.

ಹಾಗಾಗಿ ಒಂದು ದೊಡ್ಡ ಹಾಳೆಯಲ್ಲಿ ದಿನದ ಕ್ರಮ ಬರೆದು ಅವನು ಕೂರುವ ಕಡೆ ಗೋಡೆಗೆ ಅಂಟಿಸಿ. ಮುಗಿದ ಕೆಲಸಕ್ಕೆ ಅವನೇ ಗುರುತು ಹಾಕಲಿ. ಮಧ್ಯೆ ಮಧ್ಯೆ ಮಲಗಲು ಬಿಡಿ. ಈ ಗಾಯದ ದಣಿವು ನಮ್ಮ ದಣಿವಿನಂಥದ್ದಲ್ಲ. ಅರ್ಧ ಗಂಟೆ ಮಾತಾಡಿದರೆ ಹೊಲದ ಕೆಲಸ ಮಾಡಿದಷ್ಟು ಸುಸ್ತಾಗುತ್ತದೆ. ಒಂದು ಕೆಲಸ, ಸ್ವಲ್ಪ ವಿಶ್ರಾಂತಿ, ಮತ್ತೊಂದು ಕೆಲಸ. ಕಷ್ಟದ್ದೆಲ್ಲ ಬೆಳಿಗ್ಗೆಯೇ ಆಗಲಿ.

ನೆನಪಿನ ವಿಷಯ. ನೋಡಲು ಬಂದವರೆಲ್ಲ 'ನಾನು ಯಾರು ಹೇಳು ನೋಡೋಣ' ಎಂದು ಪರೀಕ್ಷೆ ಮಾಡುತ್ತಾರೆ. ಇದನ್ನು ದಯವಿಟ್ಟು ನಿಲ್ಲಿಸಿ. ಉತ್ತರ ಬಾರದಿದ್ದರೆ ಅವನಿಗೆ ಅವಮಾನ, ಬಂದರೂ ಅದರಿಂದ ನೆನಪು ಬೆಳೆಯುವುದಿಲ್ಲ. ಬಾಗಿಲಲ್ಲೇ ನೀವೇ ಹೇಳಿಬಿಡಿ: 'ಹಾವೇರಿ ಮಾವ ಬಂದಾರ, ನಿನ್ನ ನೋಡಾಕ.' ಒಂದು ಸಲಕ್ಕೆ ಇಬ್ಬರಿಗಿಂತ ಜಾಸ್ತಿ ಜನ ಬೇಡ. ಆ ಹೊತ್ತಿಗೆ ಟಿವಿ ಬಂದ್ ಇರಲಿ. ಅವನು ಮತ್ತೆ ಮತ್ತೆ ಕೇಳುವ ಪ್ರಶ್ನೆಗೆ ಉತ್ತರವನ್ನು ಬರೆದು ಗೋಡೆಗೆ ಹಾಕಿ, ಕೇಳಿದಾಗ ಅದರತ್ತ ಬೆರಳು ತೋರಿಸಿ. ಒಂದು ನೋಟ್‌ಬುಕ್ಕು, ಮೊಬೈಲ್ ಅಲಾರಾಂ ರೂಢಿ ಮಾಡಿಸಿ. ಕೆಲವೊಮ್ಮೆ 'ನಿನ್ನೆ ಗ್ಯಾರೇಜಿಗೆ ಹೋಗಿದ್ದೆ' ಎಂದು ಖಚಿತವಾಗಿ ಹೇಳಬಹುದು. ಸುಳ್ಳಲ್ಲ ಅದು, ನೆನಪಿನ ಖಾಲಿ ಜಾಗವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ವಾದ ಮಾಡಬೇಡಿ, ಮಾತು ಬೇರೆ ಕಡೆ ತಿರುಗಿಸಿ.

ಸಿಟ್ಟು ನಿಮ್ಮೆಲ್ಲರನ್ನೂ ಕಂಗೆಡಿಸಿದೆ ಎಂದು ಗೊತ್ತು. ಸುಮ್ನೆ ಬಂದಂತೆ ಕಂಡರೂ ಅದಕ್ಕೆ ಮುಂಚೆ ಏನೋ ಒಂದು ಇದ್ದೇ ಇರುತ್ತದೆ. ಒಂದು ವಾರ ಬರೆದಿಡಿ: ಎಷ್ಟು ಹೊತ್ತಿಗೆ ಬಂತು, ಯಾರಿದ್ದರು, ಏನು ಹೇಳಿದ್ದರು. ದಣಿವು, ಹಸಿವು, ಗದ್ದಲ, ಅವಸರ ಮಾಡಿದ್ದು, ಇಬ್ಬರು ಒಟ್ಟಿಗೆ ಮಾತಾಡಿದ್ದು, ಇವುಗಳಲ್ಲಿ ಒಂದು ಸಿಕ್ಕೇ ಸಿಗುತ್ತದೆ. ಮಲಬದ್ಧತೆ, ಮೂತ್ರದ ಸೋಂಕು, ಭುಜದ ನೋವು ಕೂಡ ಇರಬಹುದು. ಹೇಳಲು ಬಾರದ ನೋವು ಸಿಟ್ಟಾಗಿ ಹೊರಬರುತ್ತದೆ. ತಟ್ಟೆ ಎಸೆದ ದಿನ ಊಟ ಎಷ್ಟು ತಡವಾಗಿತ್ತು, ಸುತ್ತ ಎಷ್ಟು ಜನ ಇದ್ದರು ಎಂದು ನೆನಪಿಸಿಕೊಳ್ಳಿ.

ಸಿಟ್ಟು ಏರುತ್ತಿದ್ದರೆ ಎದುರು ನಿಂತು ಬುದ್ಧಿ ಹೇಳಬೇಡಿ. ಟಿವಿ ಆರಿಸಿ, ಉಳಿದವರನ್ನು ಹೊರಗೆ ಕಳಿಸಿ, ಮೆಲ್ಲಗೆ ಮಾತಾಡಿ, ಒಬ್ಬರು ಮಾತ್ರ ಸ್ವಲ್ಪ ದೂರದಲ್ಲಿ ಇರಿ. ಕೆಟ್ಟ ಮಾತಿಗೆ 'ಆ ಮಾತು ಬೇಡ' ಎಂದಷ್ಟೇ ಹೇಳಿ. ನಗಬೇಡಿ, ಮಕ್ಕಳಿಗೂ ನಗಬಾರದೆಂದು ತಿಳಿಸಿ. ಕೋಣೆಯಲ್ಲಿ ಕೂಡಿಹಾಕುವುದು, ಕಟ್ಟುವುದು ಎಂದಿಗೂ ಬೇಡ. ನಿಮ್ಮ ಅವ್ವನಿಗೆ ಇದನ್ನು ಹೇಳಿ: ಅವನು ಹೆಚ್ಚು ಬೈಯುವುದು ಯಾವಾಗಲೂ ಜೊತೆಗಿರುವವರಿಗೆ. ಅದಕ್ಕೂ ಪ್ರೀತಿ ಕಡಿಮೆಯಾಗಿದೆ ಎಂಬುದಕ್ಕೂ ಸಂಬಂಧ ಇಲ್ಲ.

ಫಿಟ್ಸ್ ಮಾತ್ರೆಯ ಹೆಸರು ನೋಡಿ. ಲೆವೆಟಿರಾಸಿಟಮ್ ಆಗಿದ್ದರೆ, ಕೆಲವರಲ್ಲಿ ಅದೇ ಸಿಡುಕು, ಸಿಟ್ಟು ಜಾಸ್ತಿ ಮಾಡುತ್ತದೆ. ನೀವಾಗಿ ಒಂದು ಹೊತ್ತು ಕೂಡ ನಿಲ್ಲಿಸಬೇಡಿ, ಫಿಟ್ಸ್ ಬಂದರೆ ದೊಡ್ಡ ಅನಾಹುತ. ಆದರೆ ವೈದ್ಯರಿಗೆ ಹೇಳಿ, ಮಾತ್ರೆ ಬದಲಿಸುವ ದಾರಿ ಇದೆ. ಮಂಪರು ಬರಿಸುವ ಮಾತ್ರೆ ಕೊಡಿ ಎಂದು ನೀವೇ ಒತ್ತಾಯ ಮಾಡಬೇಡಿ. ಅವು ಕಲಿಯುವ ಶಕ್ತಿಯನ್ನೂ ಮಂಕು ಮಾಡುತ್ತವೆ.

ಬೈಕಿನ ಕೀಲಿ ಕಣ್ಣಿಗೆ ಬೀಳದಂತೆ ಇಡಿ. ತನಗೆ ಏನೂ ಆಗಿಲ್ಲ ಎಂದು ಅವನು ನಿಜವಾಗಿಯೂ ನಂಬಿದ್ದಾನೆ, ಇದೂ ಗಾಯದ ಭಾಗ. 'ಡಾಕ್ಟರ್ ಹೇಳುವವರೆಗೆ ಇಲ್ಲ' ಎಂಬ ಒಂದೇ ಉತ್ತರವನ್ನು ಮನೆಮಂದಿಯೆಲ್ಲ ಹೇಳಬೇಕು. ಗೆಳೆಯರಿಗೆ ಎರಡು ಷರತ್ತು ಹಾಕಿ: ಬೈಕ್ ಕೊಡಬಾರದು, ಕುಡಿಸಬಾರದು. ಮದ್ಯದಿಂದ ಫಿಟ್ಸ್ ಬರುತ್ತದೆ, ಸಿಟ್ಟಿಗೆ ಇರುವ ಅಲ್ಪ ಕಡಿವಾಣವೂ ಹೋಗುತ್ತದೆ. ಹಾಗೆಂದು ಗೆಳೆಯರನ್ನೇ ದೂರ ಮಾಡಬೇಡಿ. ವಾರಕ್ಕೆರಡು ಸಲ ಒಬ್ಬೊಬ್ಬರಾಗಿ ಬಂದು ಅವನ ಜೊತೆ ಕಟ್ಟೆಯವರೆಗೆ ನಡೆದು ಬರಲಿ.

ನೀರು ಕುಡಿದಾಗ ಕೆಮ್ಮುವುದನ್ನು ಹಗುರವಾಗಿ ನೋಡಬೇಡಿ. ನೀರು ತೆಳ್ಳಗಿದೆ, ಬೇಗ ಜಾರಿ ಶ್ವಾಸನಾಳಕ್ಕೆ ಇಳಿಯುತ್ತದೆ. ಅದರಿಂದ ನ್ಯುಮೋನಿಯಾ ಬರುತ್ತದೆ. ಮಲಗಿಸಿ ಏನೂ ಕುಡಿಸಬೇಡಿ. ನೇರ ಕೂರಿಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಿ, ನುಂಗಿದ ಮೇಲೆಯೇ ಮುಂದಿನದು. ಊಟದ ಹೊತ್ತಿಗೆ ಮಾತು ಬೇಡ. ಉಂಡ ಮೇಲೆ ಅರ್ಧ ಗಂಟೆ ಕೂತೇ ಇರಲಿ. ರಾಗಿ ಗಂಜಿಯಂಥ ಗಟ್ಟಿ ದ್ರವ ಸಾಮಾನ್ಯವಾಗಿ ಸುಲಭ. ಆದರೆ ಅವನಿಗೆ ಯಾವುದು ಸರಿ ಎಂದು ಸ್ಪೀಚ್ ಥೆರಪಿಸ್ಟ್ ಒಮ್ಮೆ ನೋಡಲೇಬೇಕು. ಮಾತಿನ ಜೊತೆ ನುಂಗುವ ತೊಂದರೆಗೂ ಅವರೇ ತಜ್ಞರು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಹೆಸರಾದ ಜಾಗ. ಕೆಮ್ಮಿನ ಜೊತೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆ.

ಸೋತ ಕೈಯನ್ನು ಹಿಡಿದು ಎಳೆದು ಎಬ್ಬಿಸಬೇಡಿ, ಭುಜದ ಕೀಲು ಜಾರುತ್ತದೆ. ಸೊಂಟದಲ್ಲಿ ಹಿಡಿದು ಎಬ್ಬಿಸಿ. ಬೆರಳು, ಮಣಿಕಟ್ಟು, ಪಾದವನ್ನು ದಿನಕ್ಕೆ ಎರಡು ಸಲ ನಿಧಾನವಾಗಿ ಚಾಚಿ ಹಿಡಿಯುವುದನ್ನು ಫಿಸಿಯೋ ಹತ್ತಿರ ಕಲಿತುಕೊಳ್ಳಿ. ಎಣ್ಣೆ ಹಚ್ಚುವುದಕ್ಕೆ ಅಡ್ಡಿ ಇಲ್ಲ. ಜೋರಾಗಿ ಎಳೆದು, ತಿರುಚಿ ನೀವಿಸುವುದು ಬೇಡ. ಮೊಣಕೈಯೋ ಸೊಂಟದ ಕೀಲೋ ಬಿಸಿಯಾಗಿ, ಊದಿ, ಬಿಗಿಯಾದರೆ ಅಲ್ಲಿ ಹೊಸ ಮೂಳೆ ಬೆಳೆಯುತ್ತಿರಬಹುದು, ವೈದ್ಯರಿಗೆ ತೋರಿಸಿ.

ಮೂಳೆ ತೆಗೆದ ಜಾಗದಲ್ಲಿ ಮಿದುಳಿಗೆ ಬರೀ ಚರ್ಮದ ಹೊದಿಕೆ ಇದೆ. ಆ ಮಗ್ಗುಲಲ್ಲಿ ಮಲಗಬಾರದು. ನಡೆಯುವಾಗೆಲ್ಲ ಹೆಲ್ಮೆಟ್ ಬೇಕು, ಹಗುರಾದದ್ದು ಸಾಕು. ಆ ಮೂಳೆಯನ್ನು ಹೊಟ್ಟೆಯ ಚರ್ಮದಡಿ ಇಟ್ಟಿರುತ್ತಾರೆ, ಇಲ್ಲವೇ ಆಸ್ಪತ್ರೆಯ ಫ್ರೀಜರಿನಲ್ಲಿ. ಮತ್ತೆ ಕೂರಿಸುವುದನ್ನು ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ಮಾಡುತ್ತಾರೆ. ನಿಮಗೆ ಐದಾಗಿದೆ, ಕೇಳುವ ಹೊತ್ತು ಬಂದಿದೆ. ಮೂಳೆ ಕೂರಿಸಿದ ಮೇಲೆ ಕೆಲವರ ಎಚ್ಚರ, ನಡಿಗೆ ಎರಡೂ ಸುಧಾರಿಸುವುದುಂಟು.

ಈ ಕೆಲವು ಕಂಡರೆ ಕಾಯುವಂತಿಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಆ ಜಾಗ ಉಬ್ಬಿ ಗಟ್ಟಿಯಾಗಿ ತಲೆನೋವು, ವಾಂತಿ ಬಂದರೆ. ಸುಧಾರಿಸುತ್ತಿದ್ದವನು ದಿನೇ ದಿನೇ ಮಂಕಾಗಿ, ನಡಿಗೆ ಕೆಟ್ಟು, ಬಟ್ಟೆಯಲ್ಲೇ ಮೂತ್ರ ಹೋಗಲು ಶುರುವಾದರೆ. ಈ ಎರಡನೆಯದನ್ನು ಮನೆಯವರು 'ಗಾಯವೇ ಹಂಗ' ಎಂದು ಬಿಟ್ಟುಬಿಡುತ್ತಾರೆ. ಮಿದುಳಿನಲ್ಲಿ ನೀರು ತುಂಬಿರಬಹುದು, ಸಿಟಿ ಸ್ಕ್ಯಾನಿನಲ್ಲಿ ತಿಳಿಯುತ್ತದೆ, ಚಿಕಿತ್ಸೆ ಇದೆ. ಫಿಟ್ಸ್ ಬಂದರೆ ಎಡ ಮಗ್ಗುಲಿಗೆ ಹೊರಳಿಸಬೇಡಿ, ಅದು ಮೂಳೆ ಇಲ್ಲದ ಕಡೆ. ಬಲ ಮಗ್ಗುಲಿಗೆ ಹೊರಳಿಸಿ, ತಲೆ ಕೆಳಗೆ ಮೆತ್ತಗಿನದು ಇಡಿ. ಕೈಗೆ ಕಬ್ಬಿಣ, ಕೀಲಿ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಐದು ನಿಮಿಷ ಮೀರಿದರೆ ಅಥವಾ ಬೆನ್ನಿಗೇ ಇನ್ನೊಂದು ಬಂದರೆ 108ಕ್ಕೆ ಕರೆ ಮಾಡಿ.

ಹಣದ ಮಾತು. ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಸರಿ ಮಾಡುತ್ತೇವೆ ಎಂದು ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಹೊಲ ಮಾರಬೇಡಿ. 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆ ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗದ ಹಂತ. ಹರಕೆ ಹೊತ್ತಿದ್ದರೆ ತೀರಿಸಿ, ನಿಮಗೆ ಧೈರ್ಯ ಬರುತ್ತದೆ. ಅಪಘಾತ ಪರಿಹಾರದ ಅರ್ಜಿ ಹಾಕಿಲ್ಲವಾದರೆ ಈ ವಾರವೇ ವಕೀಲರನ್ನು ಕಾಣಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂದಿದೆ. ಹೆಲ್ಮೆಟ್ ಇರಲಿಲ್ಲ ಎಂದು ಸುಮ್ಮನಾಗಬೇಡಿ, ಲೈಟ್ ಇಲ್ಲದೆ ನಿಲ್ಲಿಸಿದ್ದೂ ತಪ್ಪೇ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಸಹಾಯವಾಣಿ 15100. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಯಾವಾಗ ಅರ್ಜಿ ಹಾಕಬಹುದು ಎಂದು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲತೆ ಇದ್ದವರಿಗೆ ಹೆಚ್ಚಿನ ಸೌಲಭ್ಯ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ ನರರೋಗ ಪುನಶ್ಚೇತನ ವಿಭಾಗ ಇದೆ. ಅಲ್ಲಿಗೆ ಹೋಗಿ ಮನೆಯವರೂ ತರಬೇತಿ ಪಡೆದು ಬಂದರೆ ತುಂಬ ಅನುಕೂಲ.

ನಿಮ್ಮ ಅವ್ವನ ಬಗ್ಗೆ ನೀವು ಏನೂ ಕೇಳಿಲ್ಲ. ಬೈಸಿಕೊಳ್ಳುವವರೂ ಅವರೇ, ರಾತ್ರಿ ಎದ್ದು ನೋಡುವವರೂ ಅವರೇ ಎಂದು ಕಾಣುತ್ತದೆ. ಇದು ವರ್ಷಗಳ ಕೆಲಸ, ಒಬ್ಬರ ಮೈಮೇಲೆ ಬಿಡುವಂತಿಲ್ಲ. ಅಪ್ಪ, ಚಿಕ್ಕಪ್ಪ, ನೀವು ಹೊತ್ತು ಹಂಚಿಕೊಳ್ಳಿ. 'ಬೇಕಂತಲೇ ಮಾಡ್ತಾನೆ' ಎನ್ನುವ ನೆಂಟರಿಗೆ ಭಾನುವಾರ ಸಂಜೆಯ ಎರಡು ಗಂಟೆ ಕೊಟ್ಟುಬಿಡಿ, ಈ ಉತ್ತರವನ್ನೂ ಓದಿಸಿ. ಅವ್ವನಿಗೆ ವಾರದಲ್ಲಿ ಕೆಲವು ರಾತ್ರಿಯಾದರೂ ಪೂರ್ತಿ ನಿದ್ದೆ ಸಿಗಲಿ. ಮನಸ್ಸು ತಡೆಯದಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಅದೇ ನಂಬರ್ ಮುಂದೆ ನಿಮ್ಮ ತಮ್ಮನಿಗೂ ಬೇಕಾಗಬಹುದು. ಅರಿವು ಮರಳುತ್ತಾ ಬಂದಂತೆ ತಾನು ಕಳೆದುಕೊಂಡದ್ದು ಅವನಿಗೆ ತಿಳಿಯತೊಡಗುತ್ತದೆ. ಆಗ ಮಾತು ಬಿಟ್ಟರೆ, ಊಟ ಬಿಟ್ಟರೆ, 'ನಾ ಇದ್ದು ಏನು ಮಾಡ್ಲಿ' ಎಂದರೆ ಅಂದೇ ವೈದ್ಯರಿಗೆ ತಿಳಿಸಿ, ಒಬ್ಬನನ್ನೇ ಬಿಡಬೇಡಿ.

ಮುಂದಿನ ಸಲ ಹುಬ್ಬಳ್ಳಿಗೆ ಹೋಗುವಾಗ ಸಿಟ್ಟಿನ ನೋಟ್‌ಬುಕ್ಕು ಒಯ್ಯಿರಿ. ಅವನು ನಡೆಯುವುದನ್ನು, ನೀರು ಕುಡಿಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ವೈದ್ಯರ ಎದುರಿನ ಐದು ನಿಮಿಷದಲ್ಲಿ ಅದು ಕಾಣಿಸಬೇಕೆಂದಿಲ್ಲ. ಈ ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ: ಮೂಳೆ ಯಾವಾಗ ಕೂರಿಸುತ್ತೀರಿ? ಫಿಟ್ಸ್ ಮಾತ್ರೆ ಇನ್ನೆಷ್ಟು ದಿನ, ಸಿಟ್ಟಿಗೆ ಇದೇ ಕಾರಣ ಇರಬಹುದೇ? ನುಂಗುವುದನ್ನು ಯಾರು ಪರೀಕ್ಷೆ ಮಾಡುತ್ತಾರೆ? ಕಣ್ಣು, ಕಿವಿ ಒಮ್ಮೆ ತೋರಿಸಬೇಕೇ?